ಸೋತವರು ಫೋನ್ ಮಾಡಬೇಕು

ನನಗೆ ಜರ್ಮನ್ ಭಾಷೆಯಲ್ಲಿ ಬರುವುದು ಹತ್ತಿಪ್ಪತ್ತು ಮಾತು. ಅದರಲ್ಲಿ ಅರ್ಧ ಅಂಕಿಗಳು, ಉಳಿದರ್ಧ ಫುಟ್‌ಬಾಲಿನವು. ಗೆದ್ದೆವು, ಸೋತೆವು, ಗೋಲ್‌ಕೀಪರು, ಕತ್ತೆ. ಕೊನೆಯದು ರೆಫರಿಗೆ. ಇವನ್ನೆಲ್ಲ ಕಲಿಸಿದವರು ನನ್ನ ಬೀಗರು, ಮಗಳ ಮಾವ. ಕಲಿಸಬೇಕು ಅಂತ ಕಲಿಸಿದ್ದಲ್ಲ. ಶನಿವಾರ ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಕೂತರೆ ತಾನಾಗಿ ಕಿವಿಗೆ ಬೀಳುತ್ತದೆ.

ಮಗಳು ಅಳಿಯ ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡುವವರು. ಶನಿವಾರ ಇಬ್ಬರಿಗೂ ಬೆಳಗಿನ ಶಿಫ್ಟು, ಆವತ್ತು ಡೇಕೇರಿಗೆ ರಜೆ. ಕ್ಯಾಲಿಫೋರ್ನಿಯಾದ ಲಾಸ್ ಆಲ್ಟೋಸ್‌ನಲ್ಲಿ ಬೀಗರ ಮನೆಯ ಹಿತ್ತಲಿನ ಪುಟ್ಟ ಮನೆಯಲ್ಲೇ ಅವರ ಸಂಸಾರ. ಮಗುವನ್ನು ನೋಡಿಕೊಳ್ಳಲು ಬೀಗರೊಬ್ಬರೇ ಸಾಕಿತ್ತು, ಆದರೆ ಅವರು ಮೊಮ್ಮಗಳಿಗೆ ಡೈಪರ್ ಹಾಕುವುದು ಬೋಲ್ಟು ಬಿಗಿ ಮಾಡಿದ ಹಾಗಿರುತ್ತದೆ ಅಂತ ಮಗಳ ದೂರು. ಜೀವನವಿಡೀ ಯಂತ್ರದ ಬಿಡಿಭಾಗ ಮಾಡಿದ ಕೈ, ಏನು ಮಾಡುವುದು. ಹಾಗಾಗಿ ಶನಿವಾರ ನಾನು ಎವರ್‌ಗ್ರೀನ್‌ನ ನಮ್ಮ ಮನೆಯಿಂದ ನಸುಕಿನಲ್ಲೇ ಹೊರಟು ಫ್ರೀವೇ ಹಿಡಿಯುತ್ತೇನೆ. ನಮ್ಮನೆಯವರು ಮಗ್ಗುಲು ಬದಲಿಸಿ "ಹುಷಾರಾಗಿ ಹೋಗು" ಅಂದು ಮತ್ತೆ ಮಲಗುತ್ತಾರೆ. ಅವರ ಪಾಲಿಗೆ ಕ್ರಿಕೆಟ್ ಬಿಟ್ಟರೆ ಆಟವೇ ಇಲ್ಲ.

ಬೀಗರನ್ನು ಹೆಸರು ಹಿಡಿದು ಕರೆಯುವುದು ನನ್ನಿಂದಾಗದ ಮಾತು. ಈ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಕರೆದುಕೊಳ್ಳಲಿ. ನಾನು ಮೊದಲ ದಿನವೇ "ಬೀಗ್ರೇ" ಅಂದೆ. ಅವರು ಅರ್ಥ ಕೇಳಿದರು, ಹೆಣ್ಣಿಗೆ ಏನನ್ನುತ್ತಾರೆ ಅಂತಲೂ ಕೇಳಿಕೊಂಡರು. ಮುಂದಿನ ವಾರ ಬಾಗಿಲು ತೆಗೆದವರೇ "ಗುಡ್ ಮಾರ್ನಿಂಗ್, ಬೀಗಿತ್ತಿ" ಅಂದರು. ಮಿಕ್ಕ ಮಾತೆಲ್ಲ ನಮ್ಮಿಬ್ಬರದೂ ಇಂಗ್ಲಿಷಿನಲ್ಲೇ, ಇಬ್ಬರಿಗೂ ಅದು ಎರವಲು ಭಾಷೆಯೇ.

ನಾನು ಹೋಗುವ ಹೊತ್ತಿಗೆ ಜರ್ಮನಿಯ ಅವರ ಹುಟ್ಟೂರಿನಲ್ಲಿ ಮಧ್ಯಾಹ್ನ ಕಳೆದು ಪಂದ್ಯ ಶುರುವಾಗಿರುತ್ತದೆ. ಟೀವಿಯಲ್ಲಿ ಬರುವ ದೊಡ್ಡ ತಂಡಗಳ ಪಂದ್ಯವಲ್ಲ. ಅವರದು ಬೆಟ್ಟದ ಬುಡದ ಒಂದು ಸಣ್ಣ ಊರಿನ ತಂಡ. ಆಡುವವರು ಬಡಗಿಗಳು, ಪ್ಲಂಬರುಗಳು, ಕಾಲೇಜು ಹುಡುಗರು. ಆಟಗಾರನೊಬ್ಬನ ತಂದೆ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಫೋನಿನಲ್ಲಿ ಹಿಡಿದು ತೋರಿಸುತ್ತಾನೆ. ಅವನಿಗೆ ಕೆಮ್ಮು ಬಂದರೆ ಇಡೀ ಮೈದಾನ ಅಲ್ಲಾಡುತ್ತದೆ. ನಮ್ಮ ಬೀಗರು ಟೀ ಕದಡುವ ಚಮಚ ಕೈಯಲ್ಲಿ ಹಿಡಿದು ನೋಡುತ್ತಾರೆ. ಗೋಲಾದರೆ ಚಮಚದಿಂದ ಮೇಜು ಕುಟ್ಟುತ್ತಾರೆ, ಮಗು ಚಪ್ಪಾಳೆ ತಟ್ಟುತ್ತದೆ.

ಗೋಡೆಯ ಮೇಲೆ ಅವರೇ ಪ್ಲೈವುಡ್ಡಿನಲ್ಲಿ ಮಾಡಿದ ಹಲಗೆಯೊಂದಿದೆ. ಅದರಲ್ಲಿ ಮೇಲಿಂದ ಕೆಳಗೆ ಸೀಳುಗಳು, ಸೀಳಿಗೊಂದು ಮರದ ಬಿಲ್ಲೆ, ಬಿಲ್ಲೆಯ ಮೇಲೆ ಲೀಗಿನ ಒಂದೊಂದು ತಂಡದ ಬಣ್ಣ. ಪಂದ್ಯಗಳೆಲ್ಲ ಮುಗಿದ ಮೇಲೆ ಬಿಲ್ಲೆಗಳನ್ನು ಕಿತ್ತು ಆ ವಾರದ ಸ್ಥಾನಕ್ಕೆ ತಕ್ಕಂತೆ ಮತ್ತೆ ಸಿಕ್ಕಿಸಬೇಕು. ಅವರ ತಂಡದ್ದು ಹಸಿರು. ಇನ್ನೊಂದು ಕೆಂಪು ಬಿಲ್ಲೆಯನ್ನು ಅವರು ಉಳಿದವುಗಳಿಗಿಂತ ಮೆಲ್ಲಗೆ ಮುಟ್ಟುತ್ತಿದ್ದರು. ನಾನು ಅದನ್ನು ಗಮನಿಸಿ ಒಂದು ದಿನ ಕೇಳಿದೆ.

"ಅದು ಹೊಳೆಯ ಆಚೆ ದಡದ ಊರು. ನನ್ನ ಅಣ್ಣನದು," ಅಂದರು.

ಅಣ್ಣತಮ್ಮಂದಿರಿಬ್ಬರೂ ಹಸಿರು ತಂಡದಲ್ಲಿ ಆಡಿ ಬೆಳೆದವರು. ಅಣ್ಣ ಮದುವೆಯಾಗಿ ಹೊಳೆಯಾಚೆ ಮನೆ ಮಾಡಿ, ಮಾವನ ಮಾತಿಗೆ ಕೆಂಪು ತಂಡ ಸೇರಿದರಂತೆ, ಊರೆಲ್ಲ ಆಡಿಕೊಂಡಿತಂತೆ. ನಮ್ಮ ಕಡೆ ಮನೆಯಳಿಯ ಆದರೂ ಇಷ್ಟು ಮಾತಿಗೆ ಗುರಿಯಾಗುತ್ತಿರಲಿಲ್ಲ. ತಮ್ಮ ಆ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಬಂದರು. ಅಂದಿನಿಂದ ಇಬ್ಬರ ನಡುವೆ ಒಂದು ರೂಲು. ಶನಿವಾರ ಯಾರ ತಂಡ ಸೋತಿತೋ ಅವರು ಫೋನ್ ಮಾಡಬೇಕು. ಇಬ್ಬರೂ ಗೆದ್ದರೆ, ಇಬ್ಬರೂ ಸೋತರೆ, ಪಟ್ಟಿಯಲ್ಲಿ ಕೆಳಗಿರುವವರು ಮಾಡಬೇಕು. ಒಬ್ಬರೇ ಗೆದ್ದರೆ, ಗೆದ್ದವರು ಮಾಡುವ ಹಾಗೇ ಇಲ್ಲ. ಗೆದ್ದವನು ಫೋನ್ ಮಾಡಿದರೆ ಹಂಗಿಸಲು ಮಾಡಿದ ಹಾಗೆ.

"ಫುಟ್‌ಬಾಲು ಬಿಟ್ಟು ಬೇರೇನೂ ಮಾತಾಡುವುದಿಲ್ಲವೇ?" ಅಂದೆ.

"ಬೇರೇನಿದೆ?"

"ಜಗಳವೇ?"

"ಇಲ್ಲವಲ್ಲ," ಅಂದರು ಆಶ್ಚರ್ಯದಿಂದ. "ಜಗಳ ಯಾಕೆ?"

ನಾನು ಮನೆಗೆ ಬಂದು ನಮ್ಮನೆಯವರ ಹತ್ತಿರ ಹೇಳಿಕೊಂಡು ನಕ್ಕೆ. ಆದರೆ ವಾರ ವಾರವೂ ನೋಡುತ್ತ ಹೋದಂತೆ ನಗು ಕಡಿಮೆಯಾಯಿತು. ಆ ಫೋನು ಬರುವುದು ಅಥವಾ ಹೋಗುವುದು ನಾನು ಡಬ್ಬಿಯಲ್ಲಿ ತಂದ ಉಪ್ಪಿಟ್ಟು ಮುಗಿಯುವ ಹೊತ್ತಿಗೆ. ಬೀಗರ ಕಿವಿ ಮಂದವಾದ್ದರಿಂದ ಸ್ಪೀಕರಿನಲ್ಲೇ ಮಾತು. ಇಬ್ಬರು ಮುದುಕರು ಆ ಆಫ್‌ಸೈಡು, ಈ ಕಾರ್ನರು ಅಂತ ಗುರುಗುಟ್ಟುತ್ತಿದ್ದರು. ಕೊನೆಯಲ್ಲಿ ಇಬ್ಬರೂ ಒಂದೇ ಮಾತು ಹೇಳಿ ಇಡುತ್ತಿದ್ದರು, ಮುಂದಿನ ಶನಿವಾರ ಅಂತ. ಅಣ್ಣನಿಗೆ ವೀಡಿಯೋ ಕಾಲು ಆಗದು. ಅವರ ಮುಖ ಕಾಣುವುದು ವರ್ಷಕ್ಕೆ ಎರಡು ಸಲ, ಹಸಿರು ಕೆಂಪು ಎದುರಾದಾಗ, ಬೇಲಿಯ ಮೂಲೆಯಲ್ಲಿ ಊರುಗೋಲು ಹಿಡಿದು ಬೂದು ಟೋಪಿ ಹಾಕಿ ನಿಂತವರಾಗಿ. ಆಗ ಬೀಗರು ಚೆಂಡು ನೋಡುವುದು ಬಿಟ್ಟು ಆ ಮೂಲೆಯನ್ನೇ ನೋಡುತ್ತಿದ್ದರು.

ಆ ಲೀಗಿನ ಚರಿತ್ರೆಯನ್ನೂ ಅವರು ನನಗೆ ಹೇಳಿದ್ದಾರೆ, ನಾನು ಕೇಳದಿದ್ದರೂ. ಯುದ್ಧ ಮುಗಿದ ಮೇಲೆ ಕಲ್ಲುಗಣಿಯ ಕೆಲಸಗಾರರೂ ಗಡಿಯಾರದ ಕಾರ್ಖಾನೆಯವರೂ ಊರೂರಿಗೆ ತಂಡ ಕಟ್ಟಿದರಂತೆ. ಮೊದಲು ಅದು ಮೂರನೆಯ ದರ್ಜೆಯ ಲೀಗಾಗಿತ್ತು. ಅದರ ಮೇಲೆ ದೇಶಕ್ಕೆಲ್ಲ ಸೇರಿ ಹೊಸದೊಂದು ಲೀಗು ಮಾಡಿದರು, ಇದು ನಾಲ್ಕನೆಯದಾಯಿತು. ಮತ್ತೊಂದು ತುರುಕಿದರು, ಐದನೆಯದಾಯಿತು. ಈಗ ಆರನೆಯದು. ಪ್ರತಿ ಸಲವೂ ಹೆಸರು ಬದಲು, ಲೆಟರ್‌ಹೆಡ್ಡು ಬದಲು.

"ಒಂದು ಪಂದ್ಯ ಸೋಲದೆ ಮೂರು ದರ್ಜೆ ಇಳಿದಿದ್ದೇವೆ," ಅಂದರು.

ನನಗೆ ಇದು ಹೊಸದೇನಲ್ಲ. ನಾನು ಹುಟ್ಟಿದ್ದು ಮಾಗಡಿಯಲ್ಲಿ. ಹುಟ್ಟಿದಾಗ ಅದು ಬೆಂಗಳೂರು ಜಿಲ್ಲೆ. ಕಾಲೇಜಿಗೆ ಬರುವಾಗ ಬೆಂಗಳೂರು ಗ್ರಾಮಾಂತರ. ಇಲ್ಲಿಗೆ ಬಂದ ಮೇಲೆ ರಾಮನಗರ. ಈಗ ಬೆಂಗಳೂರು ದಕ್ಷಿಣ ಅಂತೆ. ನಮ್ಮ ಮನೆ ನಿಂತಲ್ಲೇ ನಿಂತಿದೆ, ಎದುರಿಗಿದ್ದ ಹೋಟೆಲೂ ಅಲ್ಲೇ ಇದೆ. ಇದನ್ನು ಹೇಳಿದಾಗ ಬೀಗರು ಮೊದಲ ಬಾರಿಗೆ ಫೋನಿನಿಂದ ಕಣ್ಣೆತ್ತಿ ನನ್ನ ಕಡೆ ತಿರುಗಿ ಕೂತರು.

"ನಿಮ್ಮನ್ನು ಕೇಳಿದರೇ?"

"ನಮ್ಮನ್ನು ಯಾರು ಕೇಳುತ್ತಾರೆ, ಬೀಗ್ರೇ?"

"ನಮ್ಮನ್ನೂ ಕೇಳಲಿಲ್ಲ," ಅಂದು ಉಪ್ಪಿಟ್ಟನ್ನು ಎರಡನೆಯ ಸಲ ಹಾಕಿಸಿಕೊಂಡರು. ಅವರೆಕಾಳಿನದು, ಸನ್ನಿವೇಲಿನ ಗ್ರೋಸರಿಯ ಫ್ರೋಜನ್ ಕಾಳು. ನಮ್ಮ ಸ್ನೇಹ ಕುದುರಿದ್ದು ಆವತ್ತೇ ಇರಬೇಕು.

ಆಮೇಲೆ ಮತ್ತೊಂದು ಬದಲಾವಣೆ ಬಂತು, ಈ ಸಲ ನಾವೂ ನೋಡನೋಡುತ್ತಲೇ. ಆ ಲೀಗಿನಲ್ಲಿ ಎರಡು ಗುಂಪುಗಳಿದ್ದವು, ಉತ್ತರ ಮತ್ತು ದಕ್ಷಿಣ. ಊರುಗಳಲ್ಲಿ ಹುಡುಗರು ಕಡಿಮೆ, ರೆಫರಿಗಳು ಇನ್ನೂ ಕಡಿಮೆ. ಎರಡು ಗುಂಪು ನಡೆಸಲು ಆಗುವುದಿಲ್ಲ, ಒಂದೇ ಮಾಡುತ್ತೇವೆ ಅಂತ ಲೀಗಿನವರು ತೀರ್ಮಾನಿಸಿದರು. ಆ ವರ್ಷದ ಕೊನೆಗೆ ಎರಡೂ ಗುಂಪುಗಳ ಮೇಲಿನ ಅರ್ಧ ಉಳಿಯುತ್ತದೆ, ಕೆಳಗಿನ ಅರ್ಧ ಒಂದು ದರ್ಜೆ ಇಳಿಯುತ್ತದೆ. ಹಸಿರೂ ಕೆಂಪೂ ದಕ್ಷಿಣ ಗುಂಪಿನವು. ಬೀಗರು ಹಲಗೆಯ ನಡುವೆ ಒಂದು ದಾರ ಕಟ್ಟಿದರು. ಹಸಿರು ಸದಾ ದಾರದ ಮೇಲೆಯೇ ಇತ್ತು. ಕೆಂಪು ಒಂದು ವಾರ ಮೇಲೆ, ಒಂದು ವಾರ ಕೆಳಗೆ.

ನನಗೂ ಅದರ ಗೀಳು ಹತ್ತಿತು ಅಂತ ಒಪ್ಪಿಕೊಳ್ಳುತ್ತೇನೆ. ವಾರದ ಮಧ್ಯೆ ಲಾಂಡ್ರಿ ಮಡಿಸುವಾಗ ಕೆಂಪು ತಂಡದ ಮುಂದಿನ ಪಂದ್ಯ ಯಾರ ಜೊತೆ ಅಂತ ಯೋಚಿಸುತ್ತಿದ್ದೆ. ಮಗಳು ಬೈದಳು.

"ಅಮ್ಮ, ನಿಂಗೆ ಫುಟ್‌ಬಾಲ್ ರೂಲ್ಸೇ ಗೊತ್ತಿಲ್ಲ. ಯಾಕಮ್ಮ ಇಷ್ಟ್ ಟೆನ್ಷನ್ನು?"

"ಆಟ ಹಾಳಾಗಿ ಹೋಗ್ಲಿ ಕಣೆ. ಇಬ್ರೂ ಬೇರೆ ಬೇರೆ ಲೀಗಿಗೆ ಹೋದ್ರೆ ನಿಮ್ ಮಾವ ಅವರಣ್ಣನ ಹತ್ರ ಏನ್ ಮಾತಾಡ್ತಾರೆ?"

"ಫೋನ್ ಮಾಡಿ ಹೇಗಿದ್ದೀಯ ಅಂದ್ರಾಯ್ತಪ್ಪ."

ಅವಳಿಗೆ ಅರ್ಥವಾಗಲಿಲ್ಲ. ಹೇಗಿದ್ದೀಯ ಅಂತ ಕೇಳಲು ಬಾರದ ಗಂಡಸರನ್ನು ಅವಳು ಕಂಡಿಲ್ಲ. ನಾನು ಮಾಗಡಿಯಲ್ಲಿ ಓಣಿ ತುಂಬ ಕಂಡಿದ್ದೇನೆ. ನಮ್ಮಪ್ಪ ತಮ್ಮ ತಮ್ಮನ ಮನೆಗೆ ಹೋದರೆ ರಾಗಿ ಹೇಗೆ ಬಂತು ಅಂತ ಕೇಳಿ, ಕಾಫಿ ಕುಡಿದು, ಎದ್ದು ಬರುತ್ತಿದ್ದರು. ರಾಗಿ ಬೆಳೆಯದ ವರ್ಷ ಇಬ್ಬರೂ ಕಷ್ಟಪಟ್ಟರು.

ಕೊನೆಯ ಶನಿವಾರ ಹಸಿರಿಗೂ ಕೆಂಪಿಗೂ ಪಂದ್ಯ ಬಿತ್ತು, ಕೆಂಪಿನ ಮೈದಾನದಲ್ಲಿ. ಹಸಿರು ಆಗಲೇ ಉಳಿದುಕೊಂಡಿತ್ತು. ಕೆಂಪು ಗೆದ್ದರೆ ಇಬ್ಬರೂ ಮೇಲೆ. ಗೆಲ್ಲದಿದ್ದರೆ ಕೆಂಪು ಕೆಳಗೆ. ಬೀಗರು ಆವತ್ತು ಚಮಚ ಹಿಡಿಯಲಿಲ್ಲ. ಬೂದು ಟೋಪಿ ತನ್ನ ಮೂಲೆಯಲ್ಲಿತ್ತು. ಒಂದೊಂದು ಗೋಲಿನ ಸಮಬಲದಲ್ಲಿ ಆಟ ಮುಗಿಯುತ್ತ ಬಂತು. ಕೆಂಪಿನವರು ಗೋಲ್‌ಕೀಪರನೊಬ್ಬನನ್ನು ಬಿಟ್ಟು ಎಲ್ಲರೂ ಮುಂದೆ ನುಗ್ಗಿದ್ದರು. ಆಗ ಹಸಿರಿನ ಹುಡುಗನೊಬ್ಬನಿಗೆ ಚೆಂಡು ಸಿಕ್ಕಿ, ಅವನು ಒಬ್ಬನೇ ಓಡಿ ಓಡಿ ಗೋಲು ಹೊಡೆದೇಬಿಟ್ಟ.

ಮೊಮ್ಮಗಳು ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದಳು. ಬೀಗರು ಕದಲಲಿಲ್ಲ. ನನಗೆ ಆ ಹುಡುಗನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು, ನಿಜವಾಗಿ ಹೇಳುತ್ತೇನೆ. ನಿನಗೇನು ಅವಸರವಿತ್ತೋ ಮಾರಾಯ.

ಸೋತವರು ಅಣ್ಣ, ಹಾಗಾಗಿ ಅವರ ಫೋನು ಬಂತು. ಎಂದಿನಂತೆ ಗುರುಗುಟ್ಟಲಿಲ್ಲ, ಬೇಗನೆ ಮುಗಿಯಿತು. ಏನಂದರು ಅಂತ ನಾನು ಕೇಳಿಯೇ ಕೇಳಿದೆ.

"ನಿಮ್ಮವರು ಚೆನ್ನಾಗಿ ಆಡಿದರು ಅಂದ."

"ಆಮೇಲೆ?"

"ಆಮೇಲೆ ಏನಿಲ್ಲ." ಬಿಲ್ಲೆಗಳನ್ನು ಕೀಳಲು ಎದ್ದವರು ತಾವೇ ಹೇಳಿದರು, "ಮುಂದಿನ ಶನಿವಾರ ಅನ್ನಲಿಲ್ಲ."

ಬೇಸಿಗೆಯಲ್ಲಿ ಹೇಗೂ ಆಟವಿಲ್ಲ, ಫೋನೂ ಇಲ್ಲ. ಬೀಗರು ಹಲಗೆಗೆ ಹೊಸ ಬಿಲ್ಲೆಗಳನ್ನು ಕೊರೆದು ಬಣ್ಣ ಹಚ್ಚಿದರು, ಉತ್ತರದ ಊರುಗಳವು. ಕೆಂಪಿಗೆ ಅಲ್ಲಿ ಜಾಗವಿರಲಿಲ್ಲ. ಅದನ್ನು ಎಸೆಯಲೂ ಇಲ್ಲ, ಸಿಂಕಿನ ಮೇಲಿನ ಕಿಟಕಿಯಲ್ಲಿಟ್ಟರು. ಮಗು ಅದನ್ನು ಹಲ್ಲು ಬರುವಾಗ ಕಚ್ಚಿ ಒಂದು ಅಂಚು ಸವೆಸಿದೆ.

ಆಗಸ್ಟಿನಲ್ಲಿ ಆಟ ಶುರುವಾಯಿತು. ಕೆಂಪು ಮೊದಲ ಪಂದ್ಯವೇ ಸೋತಿತು. ಬೀಗರು ಫೋನನ್ನು ಮೇಜಿನ ನಡುವೆ ಇಟ್ಟುಕೊಂಡು ಕೂತರು. ಬರಲಿಲ್ಲ. ಮುಂದಿನ ವಾರವೂ ಕೆಂಪು ಸೋತಿತು, ಫೋನು ಬರಲಿಲ್ಲ.

"ಅವನ ಲೀಗು ಬೇರೆ. ಅಲ್ಲಿ ಸೋತರೆ ನನಗೆ ಯಾಕೆ ಹೇಳಬೇಕು?" ಅಂದರು.

"ನೀವೇ ಮಾಡಿ."

"ನಾವು ಗೆದ್ದಿದ್ದೇವೆ."

ಅದೇ ದೊಡ್ಡ ತೊಂದರೆಯಾಗಿತ್ತು. ಹಸಿರು ಹಿಂದೆಂದೂ ಆಡದ ಹಾಗೆ ಆಡುತ್ತಿತ್ತು. ಹೊಸ ಕೋಚು ಬಂದಿದ್ದನಂತೆ. ಬೀಗರು ಈಗ ಮನಸ್ಸಿನಲ್ಲೇ ಸೋಲು ಬೇಡುತ್ತ ಕೂರುತ್ತಿದ್ದರು, ಹಾಳಾದ ತಂಡ ಗೆಲ್ಲುತ್ತಲೇ ಹೋಗುತ್ತಿತ್ತು. ಗೋಲಾದಾಗ ಚಮಚ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು. ಅವರು ಸೊರಗಿದರು ಅಂತ ಮಗಳೂ ಗಮನಿಸಿದಳು, ರಕ್ತಪರೀಕ್ಷೆ ಮಾಡಿಸಿದಳು. ಎಲ್ಲ ಸರಿಯಾಗಿತ್ತು.

ಇದರ ನಡುವೆ ಮೊಮ್ಮಗಳ ಕಿವಿ ಚುಚ್ಚಿಸುವುದು ಬಂತು. ಇಲ್ಲಿ ಮಕ್ಕಳ ಡಾಕ್ಟರೇ ಚುಚ್ಚುತ್ತಾರೆ, ಆದರೂ ಮನೆಯಲ್ಲಿ ನಾಲ್ಕು ಜನ ಸೇರಿ ಸಿಹಿ ಹಂಚಬೇಡವೇ. ನಮ್ಮಲ್ಲಿ ಶುಭಕಾರ್ಯಕ್ಕೆ ಗಂಡಿನ ಮನೆಯ ಹಿರಿಯರನ್ನು ಹೆಣ್ಣಿನ ಮನೆಯವರು ಖುದ್ದಾಗಿ ಕರೆಯಬೇಕು. ಬರುತ್ತಾರೋ ಬಿಡುತ್ತಾರೋ, ಕರೆಯುವುದು ನಮ್ಮ ಧರ್ಮ. ಆ ಮನೆಗೆ ಹಿರಿಯರು ಯಾರು? ಬೀಗರ ಅಣ್ಣ. ಮೆಸೇಜು ಹಾಕಿದರೆ ಮರ್ಯಾದೆಯಲ್ಲ, ಬಾಯಿತುಂಬ ಕರೆಯಬೇಕು. ಹೀಗಾದರೂ ಮಾತು ಶುರುವಾಗಲಿ ಅನ್ನುವ ಲೆಕ್ಕಾಚಾರವೂ ನನಗಿತ್ತು, ಇರಲಿಲ್ಲ ಅನ್ನುವುದಿಲ್ಲ. ಒಂದು ಶನಿವಾರ ಪಂದ್ಯ ಮುಗಿದು, ಬೀಗರು ಮಗುವನ್ನೆತ್ತಿಕೊಂಡು ಹಿತ್ತಲಿಗೆ ಹೋದಾಗ, ಮೇಜಿನ ಮೇಲಿದ್ದ ಅವರದೇ ಫೋನಿನಿಂದ ಅಣ್ಣನಿಗೆ ಕರೆ ಮಾಡಿದೆ.

ಒಂದೇ ರಿಂಗಿಗೆ ಎತ್ತಿದರು. ಹಲೋ ಇಲ್ಲ, ಏನಿಲ್ಲ. ಜರ್ಮನ್ನಿನಲ್ಲಿ "ಸೋತಿರಾ?" ಅಂದರು.

ನಾನು ಇಂಗ್ಲಿಷಿನಲ್ಲಿ ನಮಸ್ಕಾರ ಹೇಳಿ, ನಾನು ಇಂಥವಳು, ಸೋತಿಲ್ಲ, ಗೆದ್ದಿದ್ದೇವೆ, ಕರೆದದ್ದು ಮಗುವಿನ ಕಿವಿ ಚುಚ್ಚುವುದಕ್ಕೆ, ತಾವು ದಯಮಾಡಿ ಬರಬೇಕು ಅಂದೆ.

"ಗೆದ್ದಿದ್ದೀರಿ," ಅಂದರು ಹರಕು ಇಂಗ್ಲಿಷಿನಲ್ಲಿ. "ಅಭಿನಂದನೆಗಳು, ಮೇಡಂ." ಇಟ್ಟುಬಿಟ್ಟರು.

ತಿರುಗಿದರೆ ಬೀಗರು ಬಾಗಿಲಲ್ಲಿ ನಿಂತಿದ್ದಾರೆ. ಕೆಂಪಗಾಗಿದ್ದರು. ಗೆದ್ದ ದಿನ ನನ್ನ ಫೋನಿನಿಂದ ಅವನಿಗೆ ಕರೆ ಹೋಗಿದೆ, ನಾನು ಹಂಗಿಸಿದೆ ಅಂದುಕೊಳ್ಳುತ್ತಾನೆ ಅಂದರು. ಬೀಗಿತ್ತಿ ಅನ್ನಲಿಲ್ಲ, ಹೆಸರು ಹಿಡಿದೇ ಅಂದರು. ಕರೆಯದೇ ಇದ್ದಿದ್ದರೆ ನಿಮ್ಮ ಮನೆಯ ಹಿರಿಯರಿಗೆ ಅವಮಾನ ಅಂತ ನಾನೂ ದನಿ ಏರಿಸಿದೆ. ಮಗು ಅತ್ತಿತು. ಆವತ್ತು ಅವರು ನನ್ನ ಡಬ್ಬಿ ಮುಟ್ಟಲಿಲ್ಲ. ನಾನೂ ತುಂಬಿದ ಡಬ್ಬಿಯನ್ನು ಹಾಗೇ ಎತ್ತಿಕೊಂಡು ವಾಪಸು ಬಂದೆ. ದಾರಿಯುದ್ದಕ್ಕೂ ನನ್ನದೇನು ತಪ್ಪು ಅಂತ ಸ್ಟೀರಿಂಗಿಗೆ ಹೇಳಿದೆ. ನನ್ನದು ತಪ್ಪು ಅಂತ ಇವತ್ತಿಗೂ ನನಗನ್ನಿಸಿಲ್ಲ.

ಕಿವಿ ಚುಚ್ಚಿಸಿದ್ದಾಯಿತು. ಆವತ್ತು ಬೀಗರೂ ನಾನೂ ಒಬ್ಬರಿಗೊಬ್ಬರು ಲಡ್ಡು ಕೊಟ್ಟುಕೊಂಡೆವು, ಅಷ್ಟೇ ಮಾತು.

ಅದರ ಮುಂದಿನ ಶನಿವಾರ ಹಸಿರು ತನ್ನದೇ ಮೈದಾನದಲ್ಲಿ ಎರಡು ಸೊನ್ನೆಯಿಂದ ಗೆದ್ದಿತು. ನಾನು, ಅವರು, ಮಗು ಮೂವರೂ ನೋಡಿದೆವು. ಆಟವೆಲ್ಲ ಒಂದೇ ಕಡೆ, ಹಸಿರಿನ ಗೋಲ್‌ಕೀಪರು ಚಳಿಗೆ ಕೈ ಉಜ್ಜಿಕೊಳ್ಳುತ್ತ ಅಡ್ಡಾಡಿದ್ದೇ ಹೆಚ್ಚು. ಬೀಗರು ಬಿಲ್ಲೆಗಳನ್ನು ಜೋಡಿಸಿದರು, ಹಸಿರು ಎಲ್ಲರಿಗಿಂತ ಮೇಲಿನ ಸೀಳಿಗೆ ಹೋಯಿತು. ಅವರ ಮುಖ ನೋಡಿದರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ.

ನನಗೆ ತಡೆಯಲಾಗಲಿಲ್ಲ.

"ಬೀಗ್ರೇ, ಆವತ್ತು ಒಂದು ಮಾತು ಹೇಳುವುದಕ್ಕೆ ನೀವು ಬಿಡಲಿಲ್ಲ. ನಿಮ್ಮಣ್ಣ ಒಂದೇ ರಿಂಗಿಗೆ ಎತ್ತಿದರು."

ಅವರು ಹಲಗೆಯಿಂದ ನನ್ನ ಕಡೆ ತಿರುಗಿದರು.

"ಎಂಬತ್ತರ ಹತ್ತಿರದವರು, ಊರುಗೋಲು ಹಿಡಿದು ನಡೆಯುವವರು. ಬೇರೆ ಕೋಣೆಯಿಂದ ಎದ್ದು ಬಂದಿದ್ದರೆ ಒಂದೇ ರಿಂಗಿಗೆ ಎತ್ತಲಾಗುತ್ತಿತ್ತೇ? ಫೋನಿನ ಪಕ್ಕದಲ್ಲೇ ಕೂತಿದ್ದರು. ಶನಿವಾರ, ಇದೇ ಹೊತ್ತಿಗೆ. ನೀವು ಸೋಲಲಿ ಅಂತ ಕಾಯುತ್ತಿದ್ದರು."

ಅಷ್ಟು ಹೇಳಿ ನಾನು ಮಗುವಿನ ತಟ್ಟೆ ತೊಳೆಯಲು ಸಿಂಕಿಗೆ ಹೋದೆ. ಕಿಟಕಿಯಲ್ಲಿ ಕೆಂಪು ಬಿಲ್ಲೆ ಇತ್ತು. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಸ್ಪೀಕರಿನಲ್ಲಿ ರಿಂಗು, ಆಗಲೂ ಒಂದೇ ರಿಂಗು.

ಬೀಗರು ಜರ್ಮನ್ನಿನಲ್ಲಿ ಸ್ಪಷ್ಟವಾಗಿ, "ನಾವು ಸೋತೆವು," ಅಂದರು.

ನಾನು ನಲ್ಲಿ ನಿಲ್ಲಿಸಿದೆ. ಈ ಮನುಷ್ಯ ನನಗೆ ಗೊತ್ತಿದ್ದ ಹಾಗೆ ಒಂದು ಸಣ್ಣ ಸುಳ್ಳೂ ಹೇಳಿದವರಲ್ಲ. ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದರೆ ಹೆಚ್ಚಾಗಿದೆ ಅಂತಲೇ ಹೇಳುವವರು. ಆ ಕಡೆಯ ಅಣ್ಣನಿಗೂ ಫಲಿತಾಂಶ ತಿಳಿಯದೇ ಇರಲು ಸಾಧ್ಯವಿಲ್ಲ. ಅವರ ಮನೆಗೂ ಹಸಿರಿನ ಮೈದಾನಕ್ಕೂ ನಡುವೆ ಇರುವುದು ಒಂದು ಹೊಳೆ. ಗೆದ್ದವರ ಕೂಗು ಅವರಿಗೆ ಮನೆಯಲ್ಲೇ ಕೇಳಿಸಿರುತ್ತದೆ.

ಆ ಕಡೆ ಎಲ್ಲೋ ನಾಯಿ ಬೊಗಳಿದ್ದು ಕೇಳಿಸಿತು.

"ಎಷ್ಟಕ್ಕೆ?" ಅಂದರು ಅಣ್ಣ.

"ಸೊನ್ನೆಗೆ ಎರಡು."

ಅಣ್ಣ ಮೂಗಿನಲ್ಲಿ ಉಸಿರು ಬಿಟ್ಟರು. ಆಮೇಲೆ ಗುರುಗುಟ್ಟಲು ಶುರುಮಾಡಿದರು, ಇವರೂ ಶುರುಮಾಡಿದರು. ಅಷ್ಟು ದೀರ್ಘವಾಗಿ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಡುವೆ ಬೀಗರು ಮಗುವನ್ನು ತೊಡೆಗೆಳೆದುಕೊಂಡು ಅದರ ಕಿವಿ ಮುಟ್ಟಿ ಏನೋ ಹೇಳಿದರು. ಆ ಕಡೆಯಿಂದ ಏನೋ ಕೇಳಿದರು, ಅತ್ತಳೇ ಅಂತ ಇರಬೇಕು. ಮಗು ಫೋನಿಗೆ ಬಾಯಿ ಹಚ್ಚಿ ಹಲೋ ಅಂದಿತು. ಮತ್ತೆ ಆಟದ ಮಾತು. ಗೋಲ್‌ಕೀಪರು ಅನ್ನುವ ಪದ ನನಗೆ ಗೊತ್ತಲ್ಲ, ಅದು ಮತ್ತೆ ಮತ್ತೆ ಬರುತ್ತಿತ್ತು, ಅದರ ಹಿಂದೆಯೇ ಕತ್ತೆಯೂ. ಅಣ್ಣತಮ್ಮಂದಿರಿಬ್ಬರೂ ಸೇರಿಕೊಂಡು ಹಸಿರಿನ ಗೋಲ್‌ಕೀಪರನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಪಾಪ, ಆ ಹುಡುಗ ಆವತ್ತು ಒಂದು ಗೋಲನ್ನೂ ಬಿಟ್ಟಿರಲಿಲ್ಲ.